ಮಹಾಮಾರಿಯ ಲೆಕ್ಕಪತ್ರ: ಕೋವಿಡ್ ಪಿಡುಗನ್ನು ಸರಕಾರಗಳು ಎದುರಿಸಿದ ಬಗೆ

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಒಂದು ಮನೆಯ ವಿಷಯದಲ್ಲಿ ನಿಜವಾದ ಈ ಮಾತು ಒಂದು ರಾಷ್ಟ್ರದ ವಿಷಯದಲ್ಲಿಯೂ ಎಷ್ಟು ನಿಜವೆಂಬುದನ್ನು 2020ರಿಂದ ಮೂರು ವರ್ಷಗಳ ಕಾಲ ಲೋಕವನ್ನು ಕಾಡಿದ ಕೋವಿಡ್ ಪಿಡುಗು ತೋರಿಸಿಕೊಟ್ಟಿತು. ರೋಗ ಒಂದೇ, ಅದರ ಸುದ್ದಿ ಜಗತ್ತಿನ ಸರಕಾರಗಳಿಗೆ ತಲಪಿದ್ದೂ ಹೆಚ್ಚುಕಡಮೆ ಒಂದೇ ಸಮಯದಲ್ಲಿ. ಆದರೂ ಮೊದಲ ವರ್ಷ ಒಂದೆಡೆ ಸತ್ತವರನ್ನು ಕೈಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಇನ್ನೊಂದೆಡೆ ಶವಗಳನ್ನು ಸಾಗಿಸಲು ಸೈನ್ಯದ ಲಾರಿಗಳು ಬರಬೇಕಾಯಿತು. ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಯೋಚಿಸುವುದೇ ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿ ದುಡಿಯುತ್ತಿರುವವನು. ವೈದ್ಯಮಿತ್ರರ ಲೇಖನಗಳ ನಡುವೆ ನನ್ನಂಥವನು ತಲೆಹಾಕುವುದು ಅಧಿಕಪ್ರಸಂಗವೆನಿಸಿದರೆ ಓದುಗರು ಕ್ಷಮಿಸಬೇಕು. ಆದರೆ 2021ರ ಮೇ, ಜೂನ್ ತಿಂಗಳುಗಳಲ್ಲಿ ಮುಂಬಯಿಯ ಉಪನಗರವೊಂದರ ನಮ್ಮ ಶಾಖೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ, ಮೃತ ಖಾತೆದಾರರ ಹಣವನ್ನು ಅವರ ವಾರಸುದಾರರಿಗೆ ಸಲ್ಲಿಸುವುದಾಗಿತ್ತು. ಸಾಧಾರಣ ದಿನಗಳಲ್ಲಿ ವಾರಕ್ಕೊಂದೋ ಎರಡೋ ಬರುತ್ತಿದ್ದ ಅರ್ಜಿಗಳು ಆಗ ಪ್ರತಿನಿತ್ಯವೂ ಬಂದು ಮೇಜಿನ ಮೇಲೆ ರಾಶಿಯಾದವು. ಅವುಗಳಲ್ಲಿ ಅನೇಕರು ನನಗೆ ಮುಖಪರಿಚಯದವರು. ಕೆಲವರು ನನಗಿಂತ ಕಿರಿಯರು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಇದು ತಪ್ಪಿಸಲಾಗದ ವಿಧಿಯೇ, ಅಥವಾ ಎಲ್ಲೋ ಲೆಕ್ಕ ತಪ್ಪಿದ ಫಲವೇ?

ರೋಗದ ಚಕ್ರಬಡ್ಡಿ

ಸಾಂಕ್ರಾಮಿಕ ರೋಗದ ಗತಿಯನ್ನು ಅರಿಯಲು ಬ್ಯಾಂಕಿನವನಿಗೆ ಪರಿಚಿತವಾದ ಒಂದು ಸಂಗತಿ ಸಾಕು. ಅದೇ ಚಕ್ರಬಡ್ಡಿ. ಒಂದು ಊರಿನಲ್ಲಿ ಇಂದು 100 ಮಂದಿ ರೋಗಿಗಳಿದ್ದು, ಮೂರು ದಿನಗಳಿಗೊಮ್ಮೆ ಆ ಸಂಖ್ಯೆ ಇಮ್ಮಡಿಯಾಗುತ್ತದೆಂದು ಭಾವಿಸೋಣ. ಆರನೆಯ ದಿನ 400, ಒಂಬತ್ತನೆಯ ದಿನ 800. ಇಲ್ಲಿಯವರೆಗೆ ಯಾರಿಗೂ ಗಾಬರಿಯಾಗದು. ಮೂವತ್ತನೆಯ ದಿನ ಅದೇ ಸಂಖ್ಯೆ 1,02,400 ಆಗಿರುತ್ತದೆ. ಈ ಲೆಕ್ಕದಲ್ಲಿ ಒಂದು ವಾರದ ವಿಳಂಬವೆಂದರೆ ರೋಗಿಗಳ ಸಂಖ್ಯೆ ಐದು ಪಟ್ಟು ಹೆಚ್ಚಾಯಿತೆಂದೇ ಅರ್ಥ.

ಆದುದರಿಂದ ಸರಕಾರವೊಂದು ತೀರ್ಮಾನ ಕೈಗೊಳ್ಳಬೇಕಾದ ಸಮಯ, ಸಂಖ್ಯೆ ಚಿಕ್ಕದಾಗಿ ಕಾಣುವ ಸಮಯವೇ ಆಗಿರುತ್ತದೆ. ಆಗ ಕಠಿಣ ಕ್ರಮ ಕೈಗೊಂಡರೆ ಜನ ನಗುತ್ತಾರೆ, ವ್ಯಾಪಾರಿಗಳು ಕೋಪಿಸಿಕೊಳ್ಳುತ್ತಾರೆ. ಸಂಖ್ಯೆ ದೊಡ್ಡದಾಗಿ ಎಲ್ಲರೂ ಒಪ್ಪುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸರಕಾರಗಳ ನಿಜವಾದ ಪರೀಕ್ಷೆ ನಡೆದದ್ದು ಈ ಇಕ್ಕಟ್ಟಿನಲ್ಲಿ.

ಚೀನಾ: ಮುಚ್ಚಿಟ್ಟ ಮೊದಲ ವಾರಗಳು

ಚೀನಾದ ವುಹಾನ್ ನಗರದಲ್ಲಿ ಕಾರಣ ತಿಳಿಯದ ನ್ಯುಮೋನಿಯಾ ಕಾಣಿಸಿಕೊಂಡ ಸುದ್ದಿ ವಿಶ್ವ ಆರೋಗ್ಯ ಸಂಸ್ಥೆಗೆ ತಲಪಿದ್ದು 2019ರ ಡಿಸೆಂಬರ್ 31ರಂದು. ಸಹೋದ್ಯೋಗಿಗಳನ್ನು ಎಚ್ಚರಿಸಿದ ಲೀ ವೆನ್ಲಿಯಾಂಗ್ ಎಂಬ ನೇತ್ರವೈದ್ಯರನ್ನು ಅಲ್ಲಿನ ಪೋಲೀಸರು ಕರೆಸಿ, ವದಂತಿ ಹಬ್ಬಿಸಬಾರದೆಂದು ಎಚ್ಚರಿಸಿ ಸಹಿ ಹಾಕಿಸಿಕೊಂಡರು. ಫೆಬ್ರವರಿಯಲ್ಲಿ ಆ ವೈದ್ಯರು ಅದೇ ರೋಗಕ್ಕೆ ಬಲಿಯಾದರು. ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆಂದು ಚೀನಾ ಬಹಿರಂಗವಾಗಿ ಒಪ್ಪಿಕೊಂಡದ್ದು ಜನವರಿ 20ರಂದು. ಅಷ್ಟರಲ್ಲಿ ಅಲ್ಲಿನ ಹೊಸವರ್ಷದ ಪ್ರಯಾಣಗಳು ಆರಂಭವಾಗಿದ್ದವು.

ಜನವರಿ 23ರಂದು ಸುಮಾರು 1 ಕೋಟಿ 10 ಲಕ್ಷ ಜನರಿರುವ ವುಹಾನ್ ನಗರಕ್ಕೆ ಹಾಕಿದ ದಿಗ್ಬಂಧನ 76 ದಿನ ನಡೆಯಿತು. ಅದು ಪರಿಣಾಮಕಾರಿಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆರಂಭದಲ್ಲಿ ನಾಲ್ವರು ವೈದ್ಯರ ಮಾತನ್ನು ಕೇಳಿದ್ದರೆ ಆ ಕಠೋರತೆಯ ಎಷ್ಟು ಪಾಲು ಅಗತ್ಯವಾಗುತ್ತಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ವಾರ್ತೆಯನ್ನು ತಡೆಯುವ ಆಡಳಿತದಲ್ಲಿ ಎಚ್ಚರಿಕೆಯ ಗಂಟೆಯೂ ತಡವಾಗಿಯೇ ಬಾರಿಸುತ್ತದೆ.

ನೆನಪಿಟ್ಟುಕೊಂಡ ದೇಶಗಳು

ಚೀನಾದ ನೆರೆಯಲ್ಲಿಯೇ ಇರುವ ತೈವಾನ್, ದಕ್ಷಿಣ ಕೊರಿಯಾ, ವಿಯೆಟ್ನಾಂಗಳಿಗೆ ಎಲ್ಲರಿಗಿಂತ ಹೆಚ್ಚು ಹೊಡೆತ ಬೀಳಬೇಕಾಗಿತ್ತು. ಮೊದಲ ವರ್ಷ ನಡೆದದ್ದು ಇದಕ್ಕೆ ವಿರುದ್ಧ.

ತೈವಾನಿನ ಜನಸಂಖ್ಯೆ 2 ಕೋಟಿ 30 ಲಕ್ಷಕ್ಕೂ ಹೆಚ್ಚು. 2003ರಲ್ಲಿ ಸಾರ್ಸ್ ರೋಗ ಬಂದಾಗ ತೈಪೆಯ ಆಸ್ಪತ್ರೆಯೊಂದನ್ನು ಒಳಗಿದ್ದ ರೋಗಿ, ವೈದ್ಯರ ಸಹಿತ ಮುಚ್ಚಬೇಕಾದ ಕಹಿ ಅನುಭವ ಆ ಸರಕಾರಕ್ಕಿತ್ತು. ಅದನ್ನು ಅವರು ಮರೆಯಲಿಲ್ಲ. ಸಾಂಕ್ರಾಮಿಕಗಳಿಗೆಂದೇ ಒಂದು ಕೇಂದ್ರೀಯ ನಿಯಂತ್ರಣ ವ್ಯವಸ್ಥೆಯನ್ನು ಏರ್ಪಡಿಸಿಕೊಂಡಿದ್ದರು. 2020ರಲ್ಲಿ ಉಪಾಧ್ಯಕ್ಷರಾಗಿದ್ದ ಚೆನ್ ಚಿಯೆನ್‌ಜೆನ್ ಸ್ವತಃ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು. ವುಹಾನ್‌ನ ಸುದ್ದಿ ಬಂದ ಡಿಸೆಂಬರ್ 31ರಂದೇ ಅಲ್ಲಿಂದ ಬಂದ ವಿಮಾನಗಳನ್ನು ಹತ್ತಿ ಪ್ರಯಾಣಿಕರನ್ನು ಪರೀಕ್ಷಿಸತೊಡಗಿದರು. ಆರೋಗ್ಯ ವಿಮೆಯ ದಾಖಲೆಗಳನ್ನು ವಲಸೆ ಇಲಾಖೆಯ ದಾಖಲೆಗಳೊಂದಿಗೆ ಜೋಡಿಸಿ, ರೋಗಿ ಎಲ್ಲಿಂದ ಬಂದವನೆಂಬುದು ವೈದ್ಯರಿಗೆ ಕೂಡಲೇ ತಿಳಿಯುವಂತೆ ಮಾಡಿದರು.

ಮುಖಗವಸಿನ ವಿಷಯದಲ್ಲಿ ಅವರು ಮಾಡಿದ ವ್ಯವಸ್ಥೆ ನಮ್ಮ ಪಡಿತರ ಪದ್ಧತಿಯನ್ನು ನೆನಪಿಗೆ ತರುತ್ತದೆ. ಜನವರಿಯಲ್ಲಿಯೇ ರಫ್ತನ್ನು ನಿಲ್ಲಿಸಿ, ಫೆಬ್ರವರಿ 6ರಿಂದ ವಿಮಾ ಚೀಟಿ ತೋರಿಸಿದವರಿಗೆ ಔಷಧದ ಅಂಗಡಿಗಳಲ್ಲಿ ನಿಗದಿಯಾದ ಬೆಲೆಗೆ, ನಿಗದಿಯಾದ ಸಂಖ್ಯೆಯಲ್ಲಿ ಮುಖಗವಸು ಕೊಟ್ಟರು. ಕಾಳಸಂತೆಗೆ ಅವಕಾಶವಾಗಲಿಲ್ಲ; ಜನರಲ್ಲಿ ‘ನನಗೂ ಸಿಗುತ್ತದೆ’ ಎಂಬ ಧೈರ್ಯ ಮೂಡಿತು. 2020ರ ಕೊನೆಯಲ್ಲಿ ತೈವಾನಿನಲ್ಲಿ ಕೋವಿಡ್‌ನಿಂದ ಮೃತರಾದವರು ಕೇವಲ 7 ಮಂದಿ. ದೇಶವ್ಯಾಪಿ ದಿಗ್ಬಂಧನ ಹೇರಿದ್ದೇ ಇಲ್ಲ.

ದಕ್ಷಿಣ ಕೊರಿಯಾಕ್ಕೆ ಪಾಠ ಕಲಿಸಿದ್ದು 2015ರ ಮೆರ್ಸ್ ರೋಗ. ಆಗ 186 ಮಂದಿಗೆ ಸೋಂಕು ತಗಲಿ 38 ಮಂದಿ ಸತ್ತಿದ್ದರು. ಸರಕಾರ ಆಸ್ಪತ್ರೆಗಳ ಹೆಸರನ್ನು ಮುಚ್ಚಿಟ್ಟಿತೆಂದು ಜನ ಕೆರಳಿದ್ದರು. ತರುವಾಯ ಕಾನೂನನ್ನು ತಿದ್ದಿ, ತುರ್ತು ಸಂದರ್ಭಗಳಲ್ಲಿ ರೋಗಪರೀಕ್ಷೆಯ ಸಾಧನಗಳಿಗೆ ಶೀಘ್ರ ಪರವಾನಗಿ ಕೊಡುವ ಏರ್ಪಾಡು ಮಾಡಲಾಯಿತು. 2020ರ ಜನವರಿ ಕೊನೆಯಲ್ಲಿ, ದೇಶದಲ್ಲಿ ರೋಗಿಗಳು ಬೆರಳೆಣಿಕೆಯಷ್ಟಿದ್ದಾಗಲೇ, ಅಧಿಕಾರಿಗಳು ತಯಾರಕರನ್ನು ಸೋಲ್ ರೈಲು ನಿಲ್ದಾಣದಲ್ಲಿ ಸೇರಿಸಿ ಕೂಡಲೇ ಕೆಲಸ ಆರಂಭಿಸಲು ಹೇಳಿದರು. ಫೆಬ್ರವರಿ 4ರಂದು ಮೊದಲ ಪರೀಕ್ಷಾ ಸಾಧನಕ್ಕೆ ಪರವಾನಗಿ ದೊರೆಯಿತು. ದೇಗು ನಗರದ ಧಾರ್ಮಿಕ ಪಂಥವೊಂದರ ಸಭೆಗಳಿಂದ ರೋಗ ಹಠಾತ್ತಾಗಿ ಹರಡಿದಾಗ, ಕಾರಿನಲ್ಲಿ ಕುಳಿತಂತೆಯೇ ಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರಗಳು ಸಿದ್ಧವಾಗಿದ್ದವು. 5 ಕೋಟಿಗೂ ಹೆಚ್ಚು ಜನಸಂಖ್ಯೆಯ ಆ ದೇಶದಲ್ಲಿ ಮೊದಲ ವರ್ಷದ ಸಾವು 1000ವನ್ನು ಮುಟ್ಟಲಿಲ್ಲ.

ಇದಕ್ಕೊಂದು ಬೆಲೆಯೂ ಇತ್ತು. ಸೋಂಕಿತನು ಎಲ್ಲೆಲ್ಲಿ ಹೋಗಿದ್ದನೆಂದು ತಿಳಿಯಲು ಅವನ ಕ್ರೆಡಿಟ್ ಕಾರ್ಡಿನ ವ್ಯವಹಾರ, ದೂರವಾಣಿಯ ದಾಖಲೆಗಳನ್ನೆಲ್ಲ ಸರಕಾರ ನೋಡುತ್ತಿತ್ತು. ಖಾತೆದಾರನ ಗುಟ್ಟನ್ನು ಕಾಯುವುದೇ ಧರ್ಮವೆಂದು ಕಲಿತ ನನ್ನಂಥವನಿಗೆ ಇದು ಕಸಿವಿಸಿಯ ಸಂಗತಿ. ಕೊರಿಯನರಿಗೂ ಆಯಿತು. ಮೇ ತಿಂಗಳಲ್ಲಿ ಸೋಲ್ ನಗರದ ರಾತ್ರಿ ಕ್ಲಬ್ಬುಗಳಿಂದ ರೋಗ ಹಬ್ಬಿದಾಗ, ಹೆಸರು ಬಯಲಾಗುವ ಭಯದಿಂದ ಜನ ಪರೀಕ್ಷೆಗೆ ಹಿಂಜರಿದರು. ಹೆಸರು ಹೇಳದೆ ಪರೀಕ್ಷೆ ಮಾಡಿಸಿಕೊಳ್ಳಲು ಅವಕಾಶ ಕೊಡಬೇಕಾಯಿತು.

ವಿಯೆಟ್ನಾಂ ಬಡ ರಾಷ್ಟ್ರ. ಎಲ್ಲರನ್ನೂ ಪರೀಕ್ಷಿಸುವ ಶಕ್ತಿ ಅದಕ್ಕಿರಲಿಲ್ಲ. ಅದು ಮಾಡಿದ್ದು ಅಗ್ಗದ ಕೆಲಸ: ರೋಗಿಯ ಸಂಪರ್ಕಕ್ಕೆ ಬಂದವರನ್ನೂ, ಅವರ ಸಂಪರ್ಕಕ್ಕೆ ಬಂದವರನ್ನೂ ಪಟ್ಟಿ ಮಾಡಿ ಪ್ರತ್ಯೇಕವಾಗಿರಿಸುವುದು. ಸುಮಾರು ಹತ್ತು ಕೋಟಿ ಜನರಿರುವ ಆ ದೇಶದಲ್ಲಿ 2020ರಲ್ಲಿ ಸತ್ತವರು 35 ಮಂದಿ. ಆದರೆ ಲಸಿಕೆ ಸಂಪಾದಿಸುವಲ್ಲಿ ಹಿಂದುಳಿದುದರಿಂದ 2021ರಲ್ಲಿ ಡೆಲ್ಟಾ ರೂಪಾಂತರ ಬಂದಾಗ ಹೊ ಚಿ ಮಿನ್ ನಗರ ತತ್ತರಿಸಿತು. ತೈವಾನಿನಲ್ಲಿಯೂ ವೃದ್ಧರ ಲಸಿಕೀಕರಣ ಹಿಂದೆ ಬಿದ್ದ ಕಾರಣ, 2022ರಲ್ಲಿ ಓಮಿಕ್ರಾನ್ ಬಂದಾಗ ಸಾವಿರಾರು ಮಂದಿ ಸತ್ತರು. ಗಳಿಸಿದ ಕಾಲವನ್ನು ಬಳಸಿಕೊಳ್ಳದಿದ್ದರೆ ಅದು ದುಡಿಸದ ಬಂಡವಾಳದಂತೆ.

ಬಾಗಿಲು ಮುಚ್ಚಿದ ದ್ವೀಪ

ನ್ಯೂಜಿಲೆಂಡಿಗೆ ಸಾರ್ಸ್‌ನ ಅನುಭವವಿರಲಿಲ್ಲ, ಸುತ್ತಲೂ ಸಮುದ್ರವಿತ್ತು. 2020ರ ಮಾರ್ಚ್ 19ರಂದು ಹೊರಗಿನವರಿಗೆ ಗಡಿ ಮುಚ್ಚಿತು. ಮಾರ್ಚ್ 23ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಕಠಿಣ ದಿಗ್ಬಂಧನವನ್ನು ಘೋಷಿಸಿದಾಗ ದೇಶದಲ್ಲಿದ್ದ ರೋಗಿಗಳು 102. ಸತ್ತವರು ಒಬ್ಬರೂ ಇಲ್ಲ. ಚಕ್ರಬಡ್ಡಿಯ ಲೆಕ್ಕವನ್ನು ಸರಿಯಾಗಿ ಅರಿತ ತೀರ್ಮಾನವೆಂದರೆ ಇದು. ಜೂನ್ 8ರಂದು ದೇಶದಲ್ಲಿ ಒಬ್ಬನೂ ರೋಗಿಯಿರಲಿಲ್ಲ. ಲೋಕವೆಲ್ಲ ಬಾಗಿಲು ಹಾಕಿ ಕುಳಿತಿದ್ದಾಗ ಅಲ್ಲಿನ ಮಕ್ಕಳು ಶಾಲೆಗೆ ಹೋದರು, ಅಂಗಡಿಗಳು ತೆರೆದವು.

ಆದರೆ ಅದೇ ಬಾಗಿಲು ಹೊರಗಿದ್ದ ತನ್ನ ಪ್ರಜೆಗಳಿಗೂ ಮುಚ್ಚಿತ್ತು. ತಾಯಿ ತಂದೆಯರ ಅಂತ್ಯಕಾಲಕ್ಕೆ ಬರಲಾಗದೆ, ಪ್ರತ್ಯೇಕವಾಸದ ಕೊಠಡಿಗಾಗಿ ಸರತಿಯಲ್ಲಿ ಕಾದವರು ಅನೇಕರು. 2021ರಲ್ಲಿ ಆಕ್ಲೆಂಡ್ ನಗರ ಮೂರು ತಿಂಗಳಿಗೂ ಮಿಕ್ಕಿ ಮುಚ್ಚಿತ್ತು. ಸರಕಾರವೇ ನೇಮಿಸಿದ ವಿಚಾರಣಾ ಆಯೋಗ 2024ರಲ್ಲಿ, ಮೂಲ ನೀತಿ ಸರಿಯಾಗಿತ್ತೆಂದೂ, ಆದರೆ ದೀರ್ಘ ನಿರ್ಬಂಧಗಳು ಮತ್ತು ಲಸಿಕೆಯ ಕಡ್ಡಾಯ ಜನರ ವಿಶ್ವಾಸವನ್ನು ಸವೆಸಿದವೆಂದೂ ಹೇಳಿತು.

ಶ್ರೀಮಂತರ ವಿಳಂಬ

2019ರ ಅಕ್ಟೋಬರಿನಲ್ಲಿ, ಎಂದರೆ ರೋಗ ಬರುವುದಕ್ಕೆ ಎರಡು ತಿಂಗಳ ಮುಂಚೆ, ತಜ್ಞರು ಜಗತ್ತಿನ ದೇಶಗಳ ಆರೋಗ್ಯ ಸಿದ್ಧತೆಯನ್ನು ಅಳೆದು ಒಂದು ಶ್ರೇಯಾಂಕ ಪಟ್ಟಿ ಪ್ರಕಟಿಸಿದ್ದರು. ಅದರಲ್ಲಿ ಅಮೆರಿಕಕ್ಕೆ ಪ್ರಥಮ ಸ್ಥಾನ, ಬ್ರಿಟನ್ನಿಗೆ ದ್ವಿತೀಯ. ಮೇಲ್ದರ್ಜೆಯ ಶ್ರೇಯಾಂಕ ಪಡೆದ ಕಂಪೆನಿಗಳು ಮರುವರ್ಷವೇ ದಿವಾಳಿಯಾದುದನ್ನು ಕಂಡಿರುವ ನನಗೆ ಮುಂದಿನ ಕಥೆ ಅಪರಿಚಿತವೆನಿಸಲಿಲ್ಲ. 2020 ಮುಗಿಯುವಷ್ಟರಲ್ಲಿ ಅಮೆರಿಕದಲ್ಲಿ ಸತ್ತವರು ಮೂರೂವರೆ ಲಕ್ಷದ ಹತ್ತಿರ. ಬ್ರಿಟನ್ನಿನಲ್ಲಿ 70 ಸಾವಿರಕ್ಕೂ ಹೆಚ್ಚು.

ಅವರಿಗೆ ಎಚ್ಚರಿಕೆ ಸಿಕ್ಕಿರಲಿಲ್ಲವೆನ್ನುವಂತಿಲ್ಲ. ಫೆಬ್ರವರಿಯ ಕೊನೆಯಿಂದ ಇಟಲಿಯ ಲೊಂಬಾರ್ಡಿ ಪ್ರಾಂತದ ಆಸ್ಪತ್ರೆಗಳು ತುಂಬಿ ಹರಿಯುತ್ತಿದ್ದವು. ಲೇಖನದ ಆರಂಭದಲ್ಲಿ ಹೇಳಿದ ಸೈನ್ಯದ ಲಾರಿಗಳು ಮಾರ್ಚ್ 18ರ ರಾತ್ರಿ ಸಾಲುಗಟ್ಟಿದ್ದು ಅಲ್ಲಿನ ಬೆರ್ಗಾಮೊ ನಗರದಲ್ಲಿಯೇ. ಇಟಲಿ ಬೆಂಕಿ ಬಿದ್ದ ಮೊದಲ ಮನೆಯಾದರೆ, ಬ್ರಿಟನ್ ಅದನ್ನು ಕಿಟಕಿಯಿಂದ ನೋಡುತ್ತ ನಿಂತ ನೆರೆಮನೆ. ಮಾರ್ಚ್ 12ರಂದು ಬ್ರಿಟನ್ ಸಾಮಾನ್ಯ ಜನರ ಪರೀಕ್ಷೆಯನ್ನೇ ನಿಲ್ಲಿಸಿತು; ಲಾಕ್‌ಡೌನ್ ಘೋಷಿಸಿದ್ದು ಮಾರ್ಚ್ 23ರಂದು. ಆಸ್ಪತ್ರೆಗಳಲ್ಲಿ ಹಾಸಿಗೆ ತೆರವು ಮಾಡಲು ವೃದ್ಧ ರೋಗಿಗಳನ್ನು ಪರೀಕ್ಷೆಯಿಲ್ಲದೆ ವೃದ್ಧಾಶ್ರಮಗಳಿಗೆ ಕಳುಹಿಸಲಾಯಿತು. ಈ ನೀತಿ ಕಾನೂನುಬಾಹಿರವಾಗಿತ್ತೆಂದು ಅಲ್ಲಿನ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿತು. ನ್ಯಾಯಮೂರ್ತಿ ಹ್ಯಾಲೆಟ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿ, ದೇಶ ಸಿದ್ಧವಾಗಿದ್ದದ್ದು ಇನ್‌ಫ್ಲುಯೆಂಜಾ ಪಿಡುಗಿಗೆ, ಬಂದದ್ದು ಬೇರೆ ಎಂದು 2024ರಲ್ಲಿ ಹೇಳಿತು. ದಿಗ್ಬಂಧನ ಒಂದು ವಾರ ಮುಂಚೆ ಬಂದಿದ್ದರೆ ಇಂಗ್ಲೆಂಡಿನಲ್ಲಿ ಮೊದಲ ಅಲೆಯ ಸುಮಾರು 23 ಸಾವಿರ ಸಾವುಗಳು ತಪ್ಪುತ್ತಿದ್ದವೆಂದು ಅದರ 2025ರ ವರದಿ ಅಂದಾಜು ಮಾಡಿತು. ಒಂದು ವಾರದ ಬಡ್ಡಿ!

ಅಮೆರಿಕದಲ್ಲಿ ಫೆಬ್ರವರಿ ತಿಂಗಳು ವ್ಯರ್ಥವಾದದ್ದು, ಕೇಂದ್ರ ಆರೋಗ್ಯ ಸಂಸ್ಥೆ ಹಂಚಿದ ಪರೀಕ್ಷಾ ಸಾಧನ ದೋಷಪೂರಿತವಾಗಿದ್ದುದರಿಂದ. ರೋಗ ಒಳಗೆ ಬಂದಿತ್ತು, ಕಾಣಲು ಕಣ್ಣಿರಲಿಲ್ಲ. ಮುಂದೆ ಮುಖಗವಸು ಧರಿಸುವುದೂ ಅಲ್ಲಿ ರಾಜಕೀಯ ಪಕ್ಷದ ಗುರುತಾಯಿತು.

ಬ್ರೆಜಿಲ್‌ನಲ್ಲಿ ದೋಷ ವಿಳಂಬದ್ದಷ್ಟೇ ಅಲ್ಲ. ಅಧ್ಯಕ್ಷ ಬೊಲ್ಸೊನಾರೊ ಇದನ್ನು ಸಣ್ಣ ಜ್ವರವೆಂದು ಹೀಯಾಳಿಸಿದರು. 2020ರ ಏಪ್ರಿಲ್‌ನಲ್ಲಿ ಒಬ್ಬ ಆರೋಗ್ಯ ಸಚಿವರನ್ನು ವಜಾ ಮಾಡಿದರು. ಅವರ ಬದಲು ಬಂದವರು ಒಂದು ತಿಂಗಳೊಳಗೆ ರಾಜೀನಾಮೆ ಕೊಟ್ಟರು. ರಾಜ್ಯಪಾಲರು ಒಂದು ಹೇಳುವುದು, ಅಧ್ಯಕ್ಷರು ಇನ್ನೊಂದು ಹೇಳುವುದು ನಡೆಯಿತು. 2021ರ ಜನವರಿಯಲ್ಲಿ ಮನೌಸ್ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದು ರೋಗಿಗಳು ಉಸಿರುಗಟ್ಟಿ ಸತ್ತರು. ಒಟ್ಟು ಸುಮಾರು 7 ಲಕ್ಷ ಜನರನ್ನು ಆ ದೇಶ ಕಳೆದುಕೊಂಡಿತು.

ಜಮೆಯ ಕಡೆಯನ್ನೂ ಬರೆಯದಿದ್ದರೆ ಅನ್ಯಾಯವಾದೀತು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಔಷಧ, ಉಸಿರಾಟದ ಯಂತ್ರದ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದರಷ್ಟು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಕಂಡುಹಿಡಿದದ್ದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಲಸಿಕೆಯ ತಯಾರಿಕೆಗೆ ಹಣ ಹೂಡಿ, ನಷ್ಟದ ಭಾರವನ್ನು ತಾನು ಹೊತ್ತು, ವರ್ಷದೊಳಗೆ ಲಸಿಕೆ ದೊರೆಯುವಂತೆ ಮಾಡಿದ್ದು ಅಮೆರಿಕದ ಸರಕಾರ.

ಸ್ವೀಡನ್: ಬೇರೆ ದಾರಿ ಹಿಡಿದ ದೇಶ

ಯೂರೋಪಿನಲ್ಲೆಲ್ಲ ಬೀದಿಗಳು ನಿರ್ಜನವಾಗಿದ್ದಾಗ ಸ್ವೀಡನ್ನಿನಲ್ಲಿ ಹೋಟೆಲುಗಳು ತೆರೆದಿದ್ದವು, ಚಿಕ್ಕ ಮಕ್ಕಳ ಶಾಲೆಗಳು ನಡೆಯುತ್ತಿದ್ದವು. ಆ ದೇಶದ ಸಂವಿಧಾನದಂತೆ ಆರೋಗ್ಯ ಇಲಾಖೆ ಮಂತ್ರಿಗಳ ಅಡಿಯಾಳಲ್ಲ. ಅದರ ಮುಖ್ಯ ಸಾಂಕ್ರಾಮಿಕ ತಜ್ಞ ಆಂಡರ್ಸ್ ಟೆಗ್ನೆಲ್ ಅವರ ಮಾತೇ ಬಹುಮಟ್ಟಿಗೆ ನೀತಿಯಾಯಿತು. ಒತ್ತಾಯವಿಲ್ಲದೆ ಸಲಹೆಯಿಂದಲೇ ಜನ ಎಚ್ಚರ ವಹಿಸುತ್ತಾರೆಂದು ಅವರು ನಂಬಿದರು. ಬಹುಪಾಲು ಜನ ಆ ಸಲಹೆಯನ್ನು ಪಾಲಿಸಿದರು.

ಮೊದಲ ವರ್ಷದ ಲೆಕ್ಕ ಮಾತ್ರ ಕಠೋರ: ಸುಮಾರು 1 ಕೋಟಿ ಜನರಲ್ಲಿ 9 ಸಾವಿರದ ಆಸುಪಾಸು ಸಾವು. ಅದರ ಅರ್ಧದಷ್ಟು ಜನರಿರುವ ನೆರೆಯ ನಾರ್ವೆಯಲ್ಲಿ 500 ಕೂಡ ಅಲ್ಲ. ಸ್ವೀಡನ್ನಿನಲ್ಲಿ ಸತ್ತವರಲ್ಲಿ ಬಹಳ ಮಂದಿ ವೃದ್ಧಾಶ್ರಮವಾಸಿಗಳು. ನಾವು ವಿಫಲರಾದೆವೆಂದು ಆ ದೇಶದ ದೊರೆಯೇ 2020ರ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರು ವರ್ಷಗಳ ಒಟ್ಟು ಲೆಕ್ಕ ತೆಗೆದಾಗ, ಇಟಲಿ, ಬ್ರಿಟನ್ ಮೊದಲಾದ ಕಠಿಣ ದಿಗ್ಬಂಧನದ ದೇಶಗಳಿಗಿಂತ ಸ್ವೀಡನ್ನಿನ ನಷ್ಟ ಕಡಮೆಯೆಂದು ಕಂಡಿತು. ಅವರ ವಿಚಾರಣಾ ಆಯೋಗ 2022ರಲ್ಲಿ ಕೊಟ್ಟ ತೀರ್ಮಾನ ಸಮತೋಲದ್ದು: ಜನರನ್ನು ನಂಬಿದ್ದು ಸರಿ, ಮೊದಲ ವಾರಗಳಲ್ಲಿ ನಿಧಾನಿಸಿದ್ದು ತಪ್ಪು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬ್ಯಾಂಕು ನಡೆಯುವುದು ತಿಜೋರಿಯಲ್ಲಿರುವ ನಗದಿನಿಂದಲ್ಲ, ಠೇವಣಿದಾರರ ನಂಬಿಕೆಯಿಂದ. ಸರಕಾರದ ಆರೋಗ್ಯ ನೀತಿಯೂ ಹಾಗೆಯೇ. 177 ದೇಶ ಪ್ರದೇಶಗಳನ್ನು ತುಲನೆ ಮಾಡಿ ‘ಲಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲು ಹೇಳಿದ ಸಿದ್ಧತೆಯ ಅಂಕಗಳಿಗೂ ರೋಗದ ಹರಡುವಿಕೆಗೂ ಹೊಂದಾಣಿಕೆಯಿಲ್ಲವೆಂದೂ, ಸರಕಾರದ ಮೇಲೆ ಹಾಗೂ ಪರಸ್ಪರರ ಮೇಲೆ ಜನರಿಗಿದ್ದ ವಿಶ್ವಾಸಕ್ಕೆ ಹೊಂದಾಣಿಕೆಯಿದೆಯೆಂದೂ ತೋರಿಸಿತು.

ನಮ್ಮ ದೇಶ

ಭಾರತದ ಪ್ರಥಮ ಸೋಂಕು ವುಹಾನ್‌ನಿಂದ ಕೇರಳಕ್ಕೆ ಹಿಂದಿರುಗಿದ ವಿದ್ಯಾರ್ಥಿನಿಯೊಬ್ಬಳಲ್ಲಿ 2020ರ ಜನವರಿ 30ರಂದು ಪತ್ತೆಯಾಯಿತು. 2018ರಲ್ಲಿ ನಿಪಾ ರೋಗವನ್ನು ಎದುರಿಸಿದ್ದ ಕೇರಳ ಎಚ್ಚರವಾಗಿತ್ತು. ನೆನಪಿನ ಬೆಲೆ ಇಲ್ಲಿಯೂ ಕಂಡಿತು. ದೇಶದ ಪ್ರಥಮ ಸಾವು ಸಂಭವಿಸಿದ್ದು ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯ ವೃದ್ಧರೊಬ್ಬರದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 123 ವರ್ಷಗಳ ಬಳಿಕವೂ ನಮ್ಮ ಕೈಗೆ ಸಿಕ್ಕಿದ ಆಯುಧ.

ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆಯಾಗಿ ನಡುರಾತ್ರಿಯಿಂದ ದೇಶವೇ ಮುಚ್ಚಿತು. ರೋಗಿಗಳ ಸಂಖ್ಯೆ ಆಗ 600ರೊಳಗೆ. ಕಾಲದ ದೃಷ್ಟಿಯಿಂದ ನಾವು ತಡಮಾಡಲಿಲ್ಲ. ಆದರೆ ದಿನಗೂಲಿಯವನು ನಾಲ್ಕು ಗಂಟೆಯ ಅವಧಿಯಲ್ಲಿ ಏನು ಮಾಡಬೇಕೆಂಬುದನ್ನು ಯಾರೂ ಯೋಚಿಸಿದಂತಿರಲಿಲ್ಲ. ಮುಂಬಯಿಯಿಂದ ಬಿಹಾರದವರೆಗೆ, ಉತ್ತರ ಕರ್ನಾಟಕದವರೆಗೆ ಹೆಂಡತಿ ಮಕ್ಕಳೊಂದಿಗೆ ನಡೆದು ಹೊರಟವರನ್ನು ನಾವು ಕಣ್ಣಾರೆ ಕಂಡೆವು. ಶ್ರಮಿಕ ರೈಲುಗಳು ಓಡತೊಡಗಿದ್ದು ಮೇ 1ರಿಂದ. ಅತ್ತ ಬ್ಯಾಂಕುಗಳು ಅಗತ್ಯ ಸೇವೆಯೆಂದು ತೆರೆದೇ ಇದ್ದವು. ಜನಧನ ಖಾತೆಯ ಮಹಿಳೆಯರಿಗೆ ಮೂರು ತಿಂಗಳು 500 ರೂಪಾಯಿಯಂತೆ ಜಮೆಯಾದಾಗ, ಅದನ್ನು ಪಡೆಯಲು ಬಿಸಿಲಿನಲ್ಲಿ ನಿಂತ ಸಾಲು ನಮ್ಮ ಶಾಖೆಯ ಬಾಗಿಲಿನಿಂದ ರಸ್ತೆಯ ತಿರುವಿನವರೆಗೆ ಬೆಳೆದಿತ್ತು. ಅಂತರ ಕಾಯಿರೆಂದು ಹೇಳಲು ನನಗೆ ನಾಚಿಕೆಯಾಗುತ್ತಿತ್ತು.

ಒಳ್ಳೆಯ ಕೆಲಸಗಳೂ ನಡೆದವು. ಆರಂಭದಲ್ಲಿ ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಯನ್ನೇ ನೆಚ್ಚಿಕೊಂಡಿದ್ದ ರೋಗಪರೀಕ್ಷೆ ಸಾವಿರಾರು ಪ್ರಯೋಗಶಾಲೆಗಳಿಗೆ ಹಬ್ಬಿತು. ಎರಡೂವರೆ ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರಿರುವ ನಮ್ಮ ಧಾರಾವಿಯಲ್ಲಿ ರೋಗ ಕಾಲಿಟ್ಟಾಗ ಎಲ್ಲರೂ ಆಶೆ ಬಿಟ್ಟಿದ್ದರು. ನಗರಪಾಲಿಕೆಯವರು ಸ್ಥಳೀಯ ವೈದ್ಯರನ್ನು ಕೂಡಿಕೊಂಡು ಮನೆಮನೆಗೆ ಹೋಗಿ ಜ್ವರ ನೋಡಿ, ಶಾಲೆಗಳಲ್ಲಿ ಪ್ರತ್ಯೇಕವಾಸ ಏರ್ಪಡಿಸಿ ಅದನ್ನು ತಹಬಂದಿಗೆ ತಂದರು. ವಿಯೆಟ್ನಾಂ ಮಾಡಿದ ಕೆಲಸವನ್ನೇ ನಮ್ಮವರು ಒಂದು ಕೊಳೆಗೇರಿಯಲ್ಲಿ ಮಾಡಿ ತೋರಿಸಿದರು.

ನಾವು ಎಡವಿದ್ದು ಗೆದ್ದೆವೆಂದುಕೊಂಡ ಮೇಲೆ. 2021ರ ಆರಂಭದಲ್ಲಿ ಸಂಖ್ಯೆ ಇಳಿದಾಗ ತಾತ್ಕಾಲಿಕ ಆಸ್ಪತ್ರೆಗಳು ಮುಚ್ಚಿದವು. ಚುನಾವಣಾ ಸಭೆಗಳು, ಜಾತ್ರೆಗಳು, ಮದುವೆಗಳು ನಡೆದವು. ಮನೌಸ್‌ನಲ್ಲಿ ಆಮ್ಲಜನಕ ಮುಗಿದ ಸುದ್ದಿ ಜನವರಿಯಲ್ಲಿಯೇ ಪತ್ರಿಕೆಗಳಲ್ಲಿ ಬಂದಿತ್ತು. ನಾಲ್ಕು ತಿಂಗಳಾಗುವಷ್ಟರಲ್ಲಿ ದೆಹಲಿಯಲ್ಲಿಯೂ ಚಾಮರಾಜನಗರದಲ್ಲಿಯೂ ಅದೇ ನಡೆಯಿತು. ಮೇ ಮೊದಲ ವಾರದಲ್ಲಿ ದಿನವೊಂದಕ್ಕೆ 4 ಲಕ್ಷಕ್ಕೂ ಹೆಚ್ಚು ಹೊಸ ಸೋಂಕುಗಳು ದಾಖಲಾದವು. ಲೋಕಕ್ಕೆ ಲಸಿಕೆ ತಯಾರಿಸಿ ಕೊಡುವ ಪುಣೆ, ಹೈದರಾಬಾದ್‌ಗಳು ನಮ್ಮಲ್ಲಿದ್ದರೂ, ಆಗ ಎರಡೂ ಚುಚ್ಚುಮದ್ದು ಪಡೆದವರು ನೂರಕ್ಕೆ ಮೂವರಿಗಿಂತ ಕಡಮೆ. ಮುಂದೆ 200 ಕೋಟಿಗೂ ಮಿಕ್ಕಿ ಚುಚ್ಚುಮದ್ದುಗಳನ್ನು ಕೊಟ್ಟ ನಮ್ಮ ಲಸಿಕಾ ಕಾರ್ಯ ನಿಜಕ್ಕೂ ದೊಡ್ಡದು. ನನ್ನ ಮೇಜಿನ ಮೇಲಿನ ಅರ್ಜಿಗಳವರಿಗೆ ಅದು ತಡವಾಗಿ ಬಂತು.

ಲೆಕ್ಕ ಪರಿಶೋಧನೆ

ಅವರಲ್ಲಿ ಒಬ್ಬ ಹೆಣ್ಣುಮಗಳನ್ನು ಮರೆಯಲಾರೆ. ಉಡುಪಿ ಕಡೆಯವಳು, ಗಂಡ ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕಿದ್ದ. ಐದು ದಿನ ಜ್ವರ, ಬಳಿಕ ಉಬ್ಬಸ. ಹಾಸಿಗೆ ಹುಡುಕುವಷ್ಟರಲ್ಲಿ ಮುಗಿದಿತ್ತು. ಪರೀಕ್ಷೆ ನಡೆದಿರಲಿಲ್ಲ. ವೈದ್ಯರ ಕಾಗದದಲ್ಲಿ ಇದ್ದದ್ದು ‘ಹೃದಯಸ್ತಂಭನ’. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಮೃತರ ಕುಟುಂಬಗಳಿಗೆ 50,000 ರೂಪಾಯಿ ಪರಿಹಾರ ಬಂದಾಗ ಅವಳು ಆ ಕಾಗದವನ್ನು ಹಿಡಿದು ನನ್ನ ಬಳಿ ಬಂದಳು. “ಅಣ್ಣಾ, ಸತ್ತದ್ದು ಒಂದು ರೋಗಕ್ಕೆ, ಬರೆದದ್ದು ಇನ್ನೊಂದು ಮಾರಾಯ್ರೆ. ಈಗ ಯಾರ ಹತ್ತಿರ ಹೇಳುವುದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ಗಂಡ ಸರಕಾರದ ಕೋವಿಡ್ ಪಟ್ಟಿಯಲ್ಲಿ ಇಲ್ಲ. ಇಂಥವರನ್ನೂ ಎಣಿಕೆಗೆ ತರಲು ತಜ್ಞರು ಬಳಸುವ ಕ್ರಮ ಲೆಕ್ಕಿಗರಿಗೆ ಸುಲಭವಾಗಿ ಅರ್ಥವಾಗುತ್ತದೆ: ಸಾಧಾರಣ ವರ್ಷಗಳಲ್ಲಿ ಎಷ್ಟು ಮಂದಿ ಸಾಯುತ್ತಿದ್ದರು, ಈ ವರ್ಷ ಎಷ್ಟು ಮಂದಿ ಸತ್ತರು, ವ್ಯತ್ಯಾಸವೆಷ್ಟು ಎಂದು ನೋಡುವುದು. ಇದನ್ನು ‘ಅಧಿಕ ಮರಣ’ ಎನ್ನುತ್ತಾರೆ. ರೋಗದ ಹೆಸರನ್ನು ಮರೆಮಾಚಿದರೂ ಸಾವನ್ನು ಮರೆಮಾಚುವುದು ಕಷ್ಟ. ಈ ಕ್ರಮದಿಂದ 2020, 2021ನೆಯ ವರ್ಷಗಳಲ್ಲಿ ಜಗತ್ತಿನ ನಷ್ಟ ಸುಮಾರು 1 ಕೋಟಿ 49 ಲಕ್ಷ, ಭಾರತದ್ದು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ನಮ್ಮ ಸರಕಾರ ಆ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ. ನಮ್ಮ ಅಧಿಕೃತ ಸಂಖ್ಯೆ 5 ಲಕ್ಷ 30 ಸಾವಿರದಷ್ಟು.

ಅಂದಾಜುಗಳನ್ನು ಬದಿಗಿಡೋಣ. ಸರಕಾರವೇ 2025ರಲ್ಲಿ ಪ್ರಕಟಿಸಿದ ಜನನ ಮರಣ ನೋಂದಣಿಯ ವರದಿಯನ್ನು ನೋಡಿದರೆ, ದೇಶದಲ್ಲಿ ದಾಖಲಾದ ಒಟ್ಟು ಸಾವುಗಳು 2019ರಲ್ಲಿ ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ನೋಂದಣಿ ಸುಧಾರಿಸಿದ್ದೂ ಈ ಏರಿಕೆಗೆ ಒಂದು ಕಾರಣವಿರಬಹುದು. ಆದರೂ ಒಂದೇ ವರ್ಷದಲ್ಲಿ 21 ಲಕ್ಷದಷ್ಟು ಏರಿಕೆಯನ್ನು ಯಾವ ಲೆಕ್ಕ ಪರಿಶೋಧಕನೂ ವಿವರಣೆ ಕೇಳದೆ ಬಿಡಲಾರ.

ಬ್ರಿಟನ್, ಸ್ವೀಡನ್, ನ್ಯೂಜಿಲೆಂಡ್ ಸರಕಾರಗಳು ತಮ್ಮ ತಪ್ಪುಗಳನ್ನು ತಾವೇ ವಿಚಾರಣೆಗೆ ಒಡ್ಡಿಕೊಂಡವು. ಕರ್ನಾಟಕ 2023ರಲ್ಲಿ ಒಂದು ಆಯೋಗ ನೇಮಿಸಿತಾದರೂ ಅದರ ವಿಷಯ ಮುಖ್ಯವಾಗಿ ಖರೀದಿಯ ಅವ್ಯವಹಾರ. ರಾಷ್ಟ್ರಮಟ್ಟದಲ್ಲಿ ಅಂಥ ಸಮಗ್ರ ವಿಚಾರಣೆ ನಮ್ಮಲ್ಲಿ ನಡೆದಿಲ್ಲ. ಯಾರನ್ನೋ ದೂಷಿಸುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಸಣ್ಣ ಶಾಖೆಯೊಂದರಲ್ಲಿಯೂ ವರ್ಷಕ್ಕೊಮ್ಮೆ ಪರಿಶೋಧನೆ ನಡೆಯುತ್ತದೆ. ಅದು ಗುಮಾಸ್ತನನ್ನು ಅವಮಾನಿಸಲಿಕ್ಕಲ್ಲ, ಮುಂದಿನ ವರ್ಷ ಅದೇ ತಪ್ಪು ನಡೆಯದಿರಲೆಂದು.

ಕೊನೆಯ ಮಾತು

ಇಷ್ಟೆಲ್ಲ ನೋಡಿದ ಮೇಲೆ ನನಗೆ ತೋರುವುದಿಷ್ಟು. ಸಿರಿತನವೊಂದೇ ಯಾವ ದೇಶವನ್ನೂ ಕಾಯಲಿಲ್ಲ; ಕಠೋರತೆಯೊಂದೇ ಕಾಯಲಿಲ್ಲ. ಹಿಂದಿನ ರೋಗವನ್ನು ನೆನಪಿಟ್ಟುಕೊಂಡು, ಸಂಖ್ಯೆ ಚಿಕ್ಕದಿರುವಾಗಲೇ ಎದ್ದು, ಗಳಿಸಿದ ಕಾಲವನ್ನು ಲಸಿಕೆಗೂ ಆಮ್ಲಜನಕಕ್ಕೂ ಬಳಸಿ, ಜನರಿಗೆ ನಿಜವನ್ನು ಹೇಳಿದ ಸರಕಾರಗಳು ತಮ್ಮ ಜನರನ್ನು ಹೆಚ್ಚಾಗಿ ಉಳಿಸಿಕೊಂಡವು. ಇವುಗಳಲ್ಲಿ ಯಾವುದೂ ಬಡ ದೇಶಕ್ಕೆ ನಿಲುಕದ್ದಲ್ಲ.

ಸರಕಾರದ ಪಾಲು ಸರಕಾರಕ್ಕಿರಲಿ. ನಮ್ಮ ಪಾಲೂ ಸ್ವಲ್ಪ ಇದೆ. ಮನೆಯಲ್ಲಿ ಸಾವು ಸಂಭವಿಸಿದರೆ 21 ದಿನಗಳೊಳಗೆ ನೋಂದಾಯಿಸಿ, ಸಾವಿನ ಕಾರಣ ಸರಿಯಾಗಿ ದಾಖಲಾಗಿದೆಯೇ ಎಂದು ವಿಚಾರಿಸಬೇಕು. ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿಡಬೇಕು. ಹಿರಿಯರಿಗೆ ವೈದ್ಯರು ಹೇಳಿದ ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬೇಕು. ನಮ್ಮಂಥ ಸಂಘಗಳು ಕಷ್ಟಕಾಲದಲ್ಲಿ ಯಾರ ಮನೆಯಲ್ಲಿ ಒಬ್ಬಂಟಿ ವೃದ್ಧರಿದ್ದಾರೆ, ಯಾರು ದಿನಗೂಲಿಯವರು ಎಂಬ ಪಟ್ಟಿಯನ್ನು ನೆಮ್ಮದಿಯ ದಿನಗಳಲ್ಲಿಯೇ ಮಾಡಿಟ್ಟುಕೊಳ್ಳಬೇಕು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಪಿಡುಗಿನ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಬೆಂಕಿ ಆರಿದೆ. ಬಾವಿ ತೋಡಲು ಇದೇ ಸರಿಯಾದ ಕಾಲ.